ಕೋವಿಯ ಬೀರುವಿನಲ್ಲಿದ್ದ ಕಾರಿನ ಕೀ

ನಮ್ಮ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದ ಮೇಲೆ ನಾನು ಸ್ಟಿಯರಿಂಗ್ ಇರುವ ಬಲಗಡೆಯಿಂದ ಇಳಿಯುವಂತಿರಲಿಲ್ಲ. ಅದು ಮೊದಲು ಎತ್ತಿನ ಗಾಡಿಗೆಂದು ಕಟ್ಟಿದ ಶೆಡ್ಡು. ಬಲಗಡೆಯ ಗೋಡೆಗೂ ಕಾರಿಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ ಉಳಿಯುತ್ತಿತ್ತು. ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಗೇರಿನ ಕೋಲು ದಾಟಿ, ಪಕ್ಕದ ಸೀಟಿನ ಮೇಲೆ ಜಾರಿ ಎಡಗಡೆಯ ಬಾಗಿಲಿನಿಂದ ಇಳಿಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಪ್ರತಿ ಸಂಜೆ ಆ ಗೋಡೆಗೆ ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಈಗ ಬಯ್ಯುವುದಿಲ್ಲ. ಅದರ ಉಪಕಾರ ನಮ್ಮ ಮೇಲೆ ದೊಡ್ಡದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತನಾಲ್ಕು. ತವರು ಕರಿಕೆ, ಅಲ್ಲಿಂದ ಮಂಗಳೂರಿಗೆ ಹೋಗಿ ಬಿ.ಎ. ಓದಿದವಳು. ಸುಂಟಿಕೊಪ್ಪದಿಂದ ನಾಲ್ಕೂವರೆ ಮೈಲಿ ಒಳಗಿರುವ ಈ ಮನೆಗೆ ಮದುವೆಯಾಗಿ ಬಂದೆ. ನನ್ನ ಯಜಮಾನರು ಬೆಳ್ಯಪ್ಪನವರಿಗೆ ಮಂಗಳೂರಿನ ಕಾಫಿ ಕಂಪನಿಯೊಂದರಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಮಾವ ನಾಣಯ್ಯ, ಅತ್ತೆ ಬೊಳ್ಳಮ್ಮ ಮತ್ತು ನಾನು. ಆ ಜೂನಿನಲ್ಲಿ ಸುಂಟಿಕೊಪ್ಪದ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಶಾಲೆಯ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿರಲಿಲ್ಲ. ಪಕ್ಕದ ಎಸ್ಟೇಟಿನ ದೊರೆ ವಿಲಾಯತಿಗೆ ಹೊರಟಾಗ ಮಾರಿಹೋದ ಸಣ್ಣ ಹಸಿರು ಕಾರು ಮನೆಯಲ್ಲಿತ್ತು. ಯಜಮಾನರು ಎರಡು ರಜೆಯಲ್ಲಿ ನನಗೆ ಓಡಿಸಲು ಕಲಿಸಿದರು. ಉಳಿದದ್ದನ್ನು ಕಾರಿನ ಜೊತೆ ಬಂದ ಇಂಗ್ಲಿಷ್ ಕೈಪಿಡಿ ಕಲಿಸಿತು. ಪರೀಕ್ಷೆಗೆ ಓದಿದ ಯಾವ ಪುಸ್ತಕವನ್ನೂ ನಾನು ಅಷ್ಟು ಪ್ರೀತಿಯಿಂದ ಓದಿರಲಿಲ್ಲ.

ಹೆಂಗಸು ಕಾರು ಓಡಿಸುವುದು ಅಂದರೆ ಊರಿಗೆ ಅದೊಂದು ನೋಟ. ಮಾವ ಅದಕ್ಕೆ ಒಂದು ಮಾತೂ ಆಡಲಿಲ್ಲ. ಆದರೆ ನಾನು ಹೊರಡುವ ಹೊತ್ತಿಗೆ ಗೇಟಿನ ಬಳಿ ಏನಾದರೂ ಕೆಲಸ ಅವರಿಗೆ ದಿನವೂ ಇರುತ್ತಿತ್ತು. ಸಂಜೆ ನಾಲ್ಕೂಮುಕ್ಕಾಲಿಗೂ ಅದೇ ಗೇಟಿನ ಬಳಿ ಇನ್ನೊಂದು ಕೆಲಸ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ನಾಟಿಯ ದುಡಿತ ಮುಗಿದು ನೇಗಿಲು, ಕತ್ತಿ, ಕೋವಿ ಎಲ್ಲವನ್ನೂ ತೊಳೆದು, ಎಣ್ಣೆ ಹಚ್ಚಿ, ದೀಪದ ಮುಂದೆ ಇಟ್ಟು ಪೂಜಿಸುವ ಹಬ್ಬ. ನಮ್ಮ ಮಾವನಿಗೆ ವರ್ಷದಲ್ಲಿ ಅದೊಂದೇ ಹಬ್ಬ ಅಂದರೂ ಸರಿ. ಎರಡು ಕೋವಿಗಳನ್ನು ಬಿಚ್ಚಿ, ಒರೆಸಿ, ತಾವೇ ಬೆರೆಸಿದ ಎಣ್ಣೆ ಹಚ್ಚುತ್ತಿದ್ದರು. ತೆಳ್ಳಗಿನ ಮೆಷಿನ್ ಎಣ್ಣೆ, ಅದಕ್ಕೆ ಒಂದು ಚಿಟಿಕೆ ಪಚ್ಚಕರ್ಪೂರ. ದೇವರ ಮುಂದೆ ಇಡುವ ಕಬ್ಬಿಣ ನಾರಬಾರದು ಎಂದು ಅವರ ಲೆಕ್ಕ. ಪೂಜೆಯಾದ ಮೇಲೆ ಮನೆಯ ಹಿರಿಯರು ಕೋವಿಗೆ ಗಂಧ ಹಚ್ಚಿ, ಎರಡು ಕೈಯಲ್ಲೂ ಎತ್ತಿ, ಜಾಗ್ರತೆ ಹೇಳಿ ಗಂಡುಮಕ್ಕಳ ಕೈಗೆ ಕೊಡಬೇಕು. ಆ ಶುಕ್ರವಾರವೂ ಮಾವ ಹಾಗೆಯೇ ಕೊಟ್ಟರು. ಯಜಮಾನರು ಆ ಒಂದು ದಿನಕ್ಕಾಗಿ ಬಂದವರು ಕೋವಿ ತೆಗೆದುಕೊಂಡು, ಸಂಜೆಯ ತನಕ ಗುರಿ ಹೊಡೆದು, ರಾತ್ರಿಯ ಬಸ್ಸಿಗೆ ಹೊರಟುಹೋದರು. ನಾನೂ ಅತ್ತೆಯೂ ಬೆಳಗಿನಿಂದ ಕಡುಬಿನ ಹಬೆಯಲ್ಲೇ ಇದ್ದೆವು. ಹೊರಗೆ ಯಾರು ಏನು ಮಾಡಿದರೆಂದು ನೋಡಿದವರಲ್ಲ.

ಶನಿವಾರ ಅತ್ತೆಯ ತವರಿಗೆ ಹೊರಟೆವು. ಮಾವ ನನ್ನ ಪಕ್ಕದಲ್ಲಿ, ಅತ್ತೆ ಹಿಂದೆ, ಅವರ ಮಡಿಲಲ್ಲಿ ಕಡುಬಿನ ಕ್ಯಾರಿಯರು. ಮನೆಯಿಂದ ಒಂದು ಮೈಲಿಗೆ ಹಲಸಿನ ಮರದ ಇಳಿಜಾರು ತಿರುವು. ಎಡಕ್ಕೆ ಗದ್ದೆಯ ಆಳ, ಬಲಕ್ಕೆ ಗುಡ್ಡ ಕಡಿದ ದರೆ. ಅಲ್ಲಿ ಗದ್ದೆಯ ದಾರಿಯಿಂದ ನೆರೆಯ ಮೊಣ್ಣಪ್ಪಣ್ಣನ ಎತ್ತಿನ ಗಾಡಿ ರಸ್ತೆಗೆ ಹತ್ತಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಬಾಲ ಬೀಸಿತು. ಮೂತಿ ಬಲಕ್ಕೆ ಹೊರಳಿ, ದರೆಯ ಬುಡದ ಪೊದೆಗೆ ನುಗ್ಗಿ, ಕೆಸರಿನಲ್ಲಿ ಹೂತು ನಿಂತಿತು.

ಮೊದಲು ಕೇಳಿಸಿದ್ದು ಅತ್ತೆಯ ದನಿ. "ಕ್ಯಾರಿಯರ್ ಮುಚ್ಚಳ ಗಟ್ಟಿ ಉಟ್ಟು. ಒಂದ್ ಕಡುಬೂ ಹೊರಗೆ ಬೀಳ್ಲೆ." ನಮ್ಮ ಅರೆಭಾಷೆಯಲ್ಲಿ ಉಟ್ಟು ಅಂದರೆ ಇದೆ, ಇಲ್ಲೆ ಅಂದರೆ ಇಲ್ಲ.

ಮಾವ ನನ್ನ ಮಣಿಕಟ್ಟು ಹಿಡಿದರು. "ತಿರುಗ್ಸು ನೋಡುವ. ನೋವು ಉಟ್ಟಾ?"

"ಇಲ್ಲೆ ಮಾವ."

ಇನ್ನೊಂದು ಕೈಯನ್ನೂ ತಿರುಗಿಸಿ ನೋಡಿದರು. ನೋವಿಲ್ಲವೆಂದು ಗೊತ್ತಾದ ಮೇಲೆ ತಮ್ಮ ಅಂಗೈಯನ್ನು ನನ್ನ ಮುಂದೆ ಚಾಚಿದರು. ನನಗೆ ಅರ್ಥವಾಯಿತು. ಕೀ ತೆಗೆದು ಕೊಟ್ಟೆ.

ಮೊಣ್ಣಪ್ಪಣ್ಣ ಗಾಡಿಯಿಂದ ಎತ್ತು ಬಿಚ್ಚಿ ತಂದು ಕಾರಿಗೆ ಹಗ್ಗ ಕಟ್ಟಿದರು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ನಾಣಯ್ಯಣ್ಣ, ಎತ್ತಿಗಾದ್ರೆ ಮೂಗುದಾರ ಉಟ್ಟು. ಈ ಡಬ್ಬಿಗೆ ಎಂತ ಉಟ್ಟು? ಬಿ.ಎ. ಓದಿರೆ ಬ್ರೇಕ್ ಹಿಡಿತದೆನಾ?"

"ನಿನ್ನ ಎತ್ತು ಬಿ.ಎ. ಓದಿಲ್ಲೆ, ಅದ್ಕೇ ರಸ್ತೆ ನಡೂಲಿ ನಿಂತದ್," ಅಂದರು ಅತ್ತೆ.

"ಅಯ್ಯೋ ಬೊಳ್ಳಕ್ಕ, ನಾ ತಮಾಷೆಗೆ ಹೇಳ್ದ್! ನನ್ನ ಹೆಂಡ್ತಿ ತಮ್ಮ ಗೋಣಿಕೊಪ್ಪಲಿಲಿ ಜೀಪ್ ಬಿಡ್ತಾನೆ. ಹೇಳಿರೆ ನಾಳೆನೇ ಬರ್ತಾನೆ. ಲಾಯ್ಕದ ಹುಡ್ಗ."

ಎತ್ತುಗಳು ಕಾರನ್ನು ಮನೆಯ ತನಕ ಎಳೆದು, ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ನಿಲ್ಲಿಸಿದವು. ಮಾವ ಒಳಗೆ ಹೋಗಿ ಕೋವಿಯ ಬೀರು ತೆರೆದು, ಕೋವಿಗಳ ಪಕ್ಕದ ಮೊಳೆಗೆ ಕಾರಿನ ಕೀ ತೂಗುಹಾಕಿ ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ.

ಸಂಜೆ ಕಾಫಿ ಕುಡಿಯುತ್ತಾ ಅಂದರು, "ಸೋಮಾರ ಶಾಲೆಗೆ ಒಂದ್ ಕಾಗ್ದ ಬರಿ. ಆರೋಗ್ಯ ಇಲ್ಲೆ ಅಂತ."

"ಎಷ್ಟು ದಿನಕ್ಕೆ ಮಾವ?"

ಅವರು ಲೋಟದೊಳಗೆ ನೋಡಿದರು. "ಡ್ರೈವರ್ ಸಿಕ್ಕಿರೆ ನೋಡುವ. ಇಲ್ಲದಿದ್ರೆ ಕೆಲ್ಸ ಬೇರೆ ಸಿಕ್ಕುದು. ಜೀವ ಸಿಕ್ಕುಲೆ."

"ಕಾರಿಗೇ ಎಂತಾದ್ರೂ ಆಗಿರ್ಬಹುದು. ಸುಂಟಿಕೊಪ್ಪದ ಗ್ಯಾರೇಜಿನವ್ರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಬುಧವಾರ ಬರ್ತಾರೆ. ಅಲ್ಲಿವರೆಗೆ..."

"ಕಾರಿಗೆ ಎಂತದೂ ಆಗಿಲ್ಲೆ. ಹಬ್ಬದ ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೆ."

ಅವರ ದನಿಯಲ್ಲಿ ಕೋಪವಿದ್ದಿದ್ದರೆ ನಾನು ವಾದಿಸುತ್ತಿದ್ದೆ. ಇದ್ದದ್ದು ಹೆದರಿಕೆ.

ಆ ರಾತ್ರಿ ನನಗೂ ನನ್ನ ಮೇಲೇ ಸಂಶಯ ಬಂತು. ಹೆಚ್ಚು ಜೋರಾಗಿ ಒತ್ತಿದೆನೇ? ಸ್ಟಿಯರಿಂಗ್ ತಿರುಗಿಸಿದ್ದೆನೇ? ಹಾಗಿದ್ದರೆ ಒಪ್ಪಿಕೊಂಡು ಕಾಗದ ಬರೆಯುವುದೇ ಸರಿ. ಆದರೆ ಗೊತ್ತಿಲ್ಲದೆ ಬರೆಯಲಾರೆ ಅನ್ನಿಸಿತು. ಶಾಲೆಯಲ್ಲಿ ನನ್ನ ಮೂರನೇ ತರಗತಿಯಲ್ಲಿ ಎಸ್ಟೇಟ್ ಕೂಲಿಗಳ ಲೈನ್ ಮನೆಗಳ ಮಕ್ಕಳೇ ಹೆಚ್ಚು. ಮಲಯಾಳ, ತಮಿಳು, ತುಳು, ಎಲ್ಲ ಬೆರೆತ ಬಾಯಿಗಳು. ಆಗಷ್ಟೇ ಒತ್ತಕ್ಷರಕ್ಕೆ ಬಂದಿದ್ದರು.

ಭಾನುವಾರ ಬೆಳಕು ಹರಿಯುತ್ತಲೇ ಹಲಸಿನ ತಿರುವಿಗೆ ನಡೆದೆ. ಮದುವೆಯಾದ ಹೊಸತರಲ್ಲಿ ಮಾವ ನನಗೆ ಗದ್ದೆಯ ಬದುವಿನಲ್ಲಿ ಹಂದಿಯ ಜಾಡು ನೋಡಲು ಕಲಿಸಿದ್ದರು. "ಪ್ರಾಣಿ ಓಡಿ ಹೋದ್ರೂ ನೆಲ ಹೇಳ್ತದೆ. ಯಾವ ಕಾಲು ಊರಿಟ್ಟು, ಯಾವ ಕಾಲು ಎಳ್ದುಟ್ಟು, ನೋಡು," ಎಂದು ಕುಕ್ಕರುಗಾಲಿನಲ್ಲಿ ಕೂರಿಸಿ ತೋರಿಸಿದ್ದರು. ಈಗ ನಾನು ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತೆ. ಕೆಳಗಿನ ಭಾಗವನ್ನು ಎತ್ತುಗಳು ತುಳಿದುಬಿಟ್ಟಿದ್ದವು. ಮೇಲಿನ ಭಾಗದ ಹಸಿಮಣ್ಣು ಹಾಗೆಯೇ ಇತ್ತು. ಬಲಗಡೆ ಎರಡು ಮಾರು ಉದ್ದಕ್ಕೆ ಟೈರು ಉಜ್ಜಿಕೊಂಡು ಹೋದ ನುಣುಪು ಗೀರು. ಎಡಗಡೆ ಅಂಥದ್ದೇನೂ ಇಲ್ಲ. ಟೈರಿನ ಹೂವು ಒಂದೊಂದೂ ಅಚ್ಚೊತ್ತಿದಂತೆ ಬಿದ್ದಿತ್ತು. ಅಂದರೆ ಬ್ರೇಕ್ ಒತ್ತಿದಾಗ ಹಿಂದಿನ ಬಲಚಕ್ರ ನಿಂತಿತ್ತು. ಎಡಚಕ್ರ ಏನೂ ಕೇಳಿಸದವರ ಹಾಗೆ ಉರುಳುತ್ತಲೇ ಇತ್ತು.

ಮನೆಗೆ ಬಂದಾಗ ಮಾವ ಮೊಣ್ಣಪ್ಪಣ್ಣನ ಮನೆಗೆ ಹೊರಟುಹೋಗಿದ್ದರು, ಜೀಪಿನ ಹುಡುಗನ ವಿಷಯ ಮಾತಾಡಲು. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅತ್ತೆ, ಕಾರು ಹಿಂದಿನ ಎಡಗಾಲಿಲಿ ಕುಂಟ್ತಾ ಉಟ್ಟು."

ಅವರು ಮೊರ ಕೆಳಗಿಟ್ಟರು. ನಾನು ಹುಚ್ಚುಹುಚ್ಚಾಗಿ ಮಾತಾಡುತ್ತಿದ್ದೇನೆ ಅನ್ನಲಿಲ್ಲ. "ಹಾಂಗಾರೆ ಕಾಲು ಎತ್ತಿ ನೋಡುವ," ಅಂದರು. "ಅವ್ರು ಬರುವ ಮೊದ್ಲು."

ಕಾರಿನ ಬಾಗಿಲಿಗೆ ಬೀಗವಿರಲಿಲ್ಲ. ಜಾಕಿಯೂ ಪಾನಾಗಳೂ ಹಿಂದಿನ ಡಿಕ್ಕಿಯಲ್ಲೇ ಇದ್ದವು. ಕೀ ಬೇಕಾಗುವುದು ಓಡಿಸುವುದಕ್ಕೆ ಮಾತ್ರ. ಮೊದಲು ಕಾಲಡಿಯ ಚಾಪೆ ಎತ್ತಿ ಬ್ರೇಕಿನ ಎಣ್ಣೆಯ ಮುಚ್ಚಳ ಬಿಚ್ಚಿ ನೋಡಿದೆ. ಕಂಠದ ತನಕ ತುಂಬಿತ್ತು; ಎಲ್ಲಿಯೂ ಸೋರಿಲ್ಲ. ಪೆಡಲು ಒತ್ತಿದರೆ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತಿತ್ತು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಹ್ಯಾಂಡ್‌ಬ್ರೇಕ್ ಸಡಿಲಿಸಿ, ಗೇರು ತೆಗೆದು, ಹಿಂದಿನ ಬಲಗಡೆಗೆ ಜಾಕಿ ಇಟ್ಟು ಚಕ್ರ ನೆಲದಿಂದ ಒಂದು ಗೇಣು ಏಳುವಷ್ಟು ಎತ್ತಿದೆ. ಇನ್ನು ಪೆಡಲು ಒತ್ತಲು ಒಬ್ಬರು ಬೇಕು.

"ನಾನಾ? ಅಲ್ಲಿ ಕುಳ್ಳುದಾ?" ಅಂದರು ಅತ್ತೆ.

ಅವರು ಆ ಸೀಟಿನಲ್ಲಿ ಎಂದೂ ಕೂತವರಲ್ಲ. ಬಾವಿಯ ಬಳಿ ಹೋಗಿ ಕಾಲು ತೊಳೆದು ಬಂದರು. ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ ಕೂತರು. ಹತ್ತುವಾಗ ಮೊಣಕೈ ತಾಗಿ ಹಾರನ್ನು ಕೂಗಿತು. ಇಬ್ಬರೂ ಹೌಹಾರಿ ಗೇಟಿನ ಕಡೆ ನೋಡಿದೆವು. ಯಾರೂ ಬರಲಿಲ್ಲ.

"ನಡುವಿನದ್ದು ಅತ್ತೆ. ನಾ ಹೇಳಿದಾಗ ಒತ್ತಿ."

ನಾನು ಹಿಂದೆ ಕೂತು ಚಕ್ರವನ್ನು ಎರಡು ಕೈಯಲ್ಲಿ ಬೀಸಿ ತಿರುಗಿಸಿದೆ. "ಒತ್ತಿ!"

"ಒತ್ತಿದೆ!"

ಚಕ್ರ ತಿರುಗುತ್ತಲೇ ಇತ್ತು. ಬಲಚಕ್ರವೂ ಹಿಡಿಯದಿದ್ದರೆ ನಾನು ಜಾಡಿನಲ್ಲಿ ಓದಿದ್ದೆಲ್ಲ ಸುಳ್ಳು. ಎದ್ದು ಹೋಗಿ ನೋಡಿದರೆ ಅತ್ತೆ ಎಡಗಾಲಿನಲ್ಲಿ ಕ್ಲಚ್ಚನ್ನು ಬಲವಾಗಿ ಒತ್ತಿ ಹಿಡಿದಿದ್ದರು.

"ಇದು ನಡುವಿನದ್ದಲ್ಲವಾ?"

"ಇದರ ಪಕ್ಕದ್ದು ಅತ್ತೆ."

"ಮೂರುಟ್ಟು ಅಂತ ಮೊದ್ಲೇ ಹೇಳಿಕೆ ಆಗುಲೆನಾ, ಗೂಡೆ?" ಅವರು ನನ್ನನ್ನು ಮುದ್ದಿನಲ್ಲಿ ಗೂಡೆ ಅನ್ನುತ್ತಿದ್ದರು, ಹುಡುಗಿ ಎಂದು.

ಮತ್ತೆ ತಿರುಗಿಸಿದೆ. "ಒತ್ತಿ!" ಚಕ್ರ ಟಕ್ಕೆಂದು ನಿಂತಿತು. "ಬಿಡಿ!" ಸಲೀಸಾಗಿ ತಿರುಗಿತು. ಬಲಗಡೆ ಸರಿ ಇತ್ತು. ಜಾಕಿಯನ್ನು ಎಡಗಡೆಗೆ ತಂದು ಎತ್ತಿ, ಆ ಚಕ್ರ ತಿರುಗಿಸಿದೆ. "ಒತ್ತಿ!" ಚಕ್ರ ಒಂದಿಷ್ಟು ಗೊಣಗಿತು, ಆದರೆ ನಿಲ್ಲಲಿಲ್ಲ. ಅತ್ತೆ ಪೆಡಲನ್ನು ಒತ್ತಿ ಹಿಡಿದಿರುವಾಗಲೇ ನಾನು ಅದನ್ನು ಒಂದು ಕೈಯಲ್ಲಿ ತಿರುಗಿಸಬಲ್ಲವಳಾದೆ.

"ಅತ್ತೆ, ಬಂದು ನೋಡಿ."

"ನಾ ಇಳ್ದರೆ ಒತ್ತುದು ಯಾರು?" ಎಂದು ಅಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. ಅವರ ಮುಖ ಅರಳಿತ್ತು. "ಹಾಂಗಾರೆ ನಿಂದು ತಪ್ಪಲ್ಲ!"

ಆ ಮಾತನ್ನು ಅವರು ಎಷ್ಟು ಸಂತೋಷದಿಂದ ಹೇಳಿದರೆಂದರೆ, ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪ ಮಾಡಬೇಕಾಯಿತು.

ಚಕ್ರದ ನಡುವಿನ ತಟ್ಟೆ ಮೀಟಿ, ನಟ್ಟು ಬಿಚ್ಚಿ ಚಕ್ರ ತೆಗೆದೆ. ಅದರ ಹಿಂದೆ ಬೋಗುಣಿ ಕವುಚಿಟ್ಟ ಹಾಗೆ ಬ್ರೇಕಿನ ಡ್ರಮ್ಮು. ಅದರ ಮುಖದಲ್ಲಿ ಬೆರಳು ತೂರುವಷ್ಟು ಒಂದು ತೂತು. ಬ್ರೇಕ್ ಬಿಗಿ ಮಾಡಲು ಸ್ಕ್ರೂಡ್ರೈವರ್ ಹಾಕುವ ಜಾಗ ಎಂದು ಕೈಪಿಡಿಯಲ್ಲಿತ್ತು. ಅತ್ತೆ ತಂದುಕೊಟ್ಟ ಸೌದೆಯ ತುಂಡಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ ಡ್ರಮ್ಮನ್ನು ಎಳೆದು ತೆಗೆದೆ. ಒಳಗೆ ಡ್ರಮ್ಮನ್ನು ಒತ್ತಿ ಹಿಡಿದು ನಿಲ್ಲಿಸುವ, ಅರ್ಧಚಂದ್ರದಂಥ ಎರಡು ಬ್ರೇಕ್ ಷೂಗಳು. ಒಣಗಿ ಮಂಕಾಗಿರಬೇಕಾದವು ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದವು.

ಎಣ್ಣೆ ಎಲ್ಲಿಂದ ಬಂತು? ಕೈಪಿಡಿಯ ಪ್ರಕಾರ ಎರಡೇ ದಾರಿ. ಒಂದು ಬ್ರೇಕಿನ ಎಣ್ಣೆ. ಅದು ಕಂಠದ ತನಕ ಇದ್ದದ್ದನ್ನು ನೋಡಿದ್ದೆ. ಇನ್ನೊಂದು ಆಕ್ಸಲಿನ ಗೇರೆಣ್ಣೆ. ಅದು ಕಪ್ಪು, ಅಂಟು, ಗಂಧಕದ ಹಾಗೆ ನಾರುತ್ತದೆ. ಇದು ನೀರಿನ ಹಾಗೆ ತೆಳ್ಳಗೆ, ತಿಳಿ. ಬೆರಳಿಗೆ ಹಚ್ಚಿ ಮೂಗಿನ ಬಳಿ ತಂದೆ.

ಮತ್ತೊಮ್ಮೆ ಮೂಸಿದೆ. ಬೆರಳನ್ನು ಅತ್ತೆಯ ಮುಂದೆ ಹಿಡಿದೆ.

ಅತ್ತೆ ಮೂಸಿ ನೋಡಿ ಕಣದ ಕಟ್ಟೆಯ ಮೇಲೆ ಕೂತುಬಿಟ್ಟರು. ಪಚ್ಚಕರ್ಪೂರ.

"ಶುಕ್ರವಾರ ಬೆಳಿಗ್ಗೆ," ಎಂದರು. "ಅವ್ರು ಕೋವಿ ಎಣ್ಣೆ ಡಬ್ಬಿ ಹಿಡ್ಕಂಡ್ ಶೆಡ್ ಕಡೆಯಿಂದ ಬಂದವ್. ಎಂತ ಅಂತ ಕೇಳ್ದೆ. 'ಅದೂ ಮನೆ ಕಬ್ಬಿಣ ಅಲ್ವಾ, ನಮ್ಮ ಗೂಡೆ ದಿನಾ ಅದ್ರಲಿ ಹೋಗಿ ಬರುದಲ್ವಾ' ಅಂತ ಹೇಳ್ದವ್. ಬಾಗಿಲಿಗೆ ಎಣ್ಣೆ ಬಿಟ್ಟದ್ ಅಂತ ಗ್ರಹಿಸಿದೆ ನಾನು."

ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ಮಾವ ಕಾರಿನ ಕಬ್ಬಿಣವನ್ನೆಲ್ಲ ಒರೆಸಿದ್ದಾರೆ. ಚಕ್ರದ ತಟ್ಟೆ ತೆಗೆದು ನೋಡಿದ್ದಾರೆ. ತೂತಿನೊಳಗೆ ಇಣುಕಿದರೆ ಒಣಗಿದ, ತುಕ್ಕು ಬಣ್ಣದ ಕಬ್ಬಿಣ. ನೋಡಲಾರದೆ ಉದ್ದ ಮೂತಿಯ ಡಬ್ಬಿಯಿಂದ ಎಣ್ಣೆ ಬಿಟ್ಟಿದ್ದಾರೆ, ಧಾರಾಳವಾಗಿ. ಮುಂದಿನ ಎಡಚಕ್ರದ ತಟ್ಟೆ ಬಿಗಿಯಾಗಿದ್ದು ಬಿಚ್ಚಿ ಬಂದಿಲ್ಲ. ಅದಕ್ಕೆ ಸ್ಕ್ರೂಡ್ರೈವರಿನಿಂದ ಮೀಟಿದ ಹೊಸ ಗೀರುಗಳೂ ಇದ್ದವು. ಬಲಗಡೆಯ ಚಕ್ರಗಳಿಗೆ ಕೈ ಹೋಗಲು ಗೋಡೆ ಬಿಟ್ಟಿಲ್ಲ. ಅದಕ್ಕೇ ಹಿಂದಿನ ಬಲಚಕ್ರ ಹಿಡಿದು, ಕಾರು ಗದ್ದೆಯ ಬದಲು ದರೆಯ ಕಡೆ ಹೊರಳಿತ್ತು.

ಈಗ ನಾನು ಗೆದ್ದಿದ್ದೆ. ತಪ್ಪು ನನ್ನದಲ್ಲ ಎಂದು ತೋರಿಸಲು ಇಷ್ಟು ಸಾಕಿತ್ತು. ಆದರೆ ಇದನ್ನು ತೋರಿಸಿದರೆ, ಹೆಂಡತಿಯನ್ನೂ ಸೊಸೆಯನ್ನೂ ಗದ್ದೆಗೆ ಉರುಳಿಸಲಿದ್ದವರು ತಾವೇ ಎಂದು ಆ ಮನುಷ್ಯನಿಗೆ ತಿಳಿಯುತ್ತದೆ. ಐವತ್ತು ವರ್ಷ ಕಬ್ಬಿಣ ಒರೆಸಿ ಇಟ್ಟ ಕೈ ಅದು.

"ತೊಳ್ದುಬಿಡುವ ಅತ್ತೆ," ಅಂದೆ. "ಆಕ್ಸಲ್ ಎಣ್ಣೆ ಸೋರಿತ್ತು ಅಂತ ಹೇಳುವ. ಅದೂ ಆಗ್ತದೆ, ಪುಸ್ತಕಲೇ ಉಟ್ಟು."

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. ಹಳೆಯ ಬಟ್ಟೆ ತರಲು ಒಳಗೆ ಹೋದರು.

ನಾವು ಡ್ರಮ್ಮು ಒರೆಸಿ ಮುಗಿಸುವಷ್ಟರಲ್ಲಿ ಗೇಟಿನ ಸದ್ದಾಯಿತು. ಮಾವ ಬಂದು ಕಣದ ಅಂಚಿನಲ್ಲಿ ನಿಂತರು. ಒಂದು ಕಾಲಿಲ್ಲದ ಕಾರು, ಮೊಣಕೈ ತನಕ ಮಸಿಯಾದ ಸೊಸೆ, ಕೈಯಲ್ಲಿ ಚಿಂದಿ ಹಿಡಿದ ಹೆಂಡತಿ.

"ಎಂತ ಇದ್?"

"ಹಿಂದಿನ ಎಡಗಡೆ ಬ್ರೇಕ್ ಹಿಡಿತಿರಲಿಲ್ಲ ಮಾವ. ಬಲಗಡೆ ಮಾತ್ರ ಹಿಡ್ದು ಕಾರು ತಿರುಗಿದ್ದು. ತಿರುವಿಲಿ ಜಾಡು ಉಟ್ಟು, ನಾನು ಬೆಳಿಗ್ಗೆ ಹೋಗಿ ನೋಡ್ದೆ. ಒಂದು ಗೀರು ಮಾತ್ರ ಉಟ್ಟು."

ಜಾಡು ಎಂಬ ಮಾತಿಗೆ ಅವರ ಹುಬ್ಬು ಮೇಲೇರಿತು. "ಎಂತಕ್ಕೆ ಹಿಡಿತಿರಲಿಲ್ಲ?"

"ಆಕ್ಸಲ್ ಎಣ್ಣೆ ಸೋರಿ ಒಳಗೆ ಬಂದಿತ್ತು. ಹಳೇ ಕಾರಿಲಿ ಹಾಂಗೆ ಆಗುದುಟ್ಟು."

ಮಾವ ಕಣಕ್ಕೆ ಇಳಿದು ಬಂದರು. ಬ್ರೇಕ್ ಷೂಗಳನ್ನು ನೋಡಿದರು, ಡ್ರಮ್ಮಿನ ತೂತನ್ನು ನೋಡಿದರು. ಅತ್ತೆಯ ಕೈಯಿಂದ ಚಿಂದಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

"ತಂಗಮ್ಮ," ಅಂದರು. ನನ್ನನ್ನು ಹೆಸರಿಟ್ಟು ಕರೆಯುವುದು ಅಪರೂಪ. "ಆಕ್ಸಲಿಗೆ ಕರ್ಪೂರ ಹಾಕ್ದ್ ಯಾರು?"

ಅತ್ತೆ ಕಾರಿನ ಬಾಗಿಲಿನಲ್ಲಿ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆಯತೊಡಗಿದರು.

"ಬಾಲ್ಯದಿಂದ ಗೊತ್ತಿದ್ದದ್ ಒಂದೇ," ಎಂದರು ಮಾವ, ಚಿಂದಿಗೇ ಹೇಳುವವರಂತೆ. "ಕಬ್ಬಿಣಕ್ಕೆ ಎಣ್ಣೆ ಬೇಕು. ಎಣ್ಣೆ ಬೇಡದ ಕಬ್ಬಿಣವೂ ಉಟ್ಟು ಅಂತ ಗೊತ್ತಿರಲಿಲ್ಲ." ಆಮೇಲೆ ಶೆಡ್ಡಿನ ಕಡೆ ತಿರುಗಿ ನೋಡಿದರು. "ಆ ಗೋಡೆ ಇಲ್ಲದಿದ್ರೆ ಆ ಕಡೆಗೂ ಹಾಕ್ತಿದ್ದೆ. ಶನಿವಾರ ಕಾರು ಹೊರಗೆ ತೆಗ್ದಾಗ ಹಾಕುವ ಅಂತ ಇದ್ದೆ. ಇವ್ಳು ಬೇಗ ಹೊರಡಿ ಹೊರಡಿ ಅಂತ ಬಿಡ್ಲೆ."

"ನಾನೂ ಒಂದ್ ಉಪಕಾರ ಮಾಡಿದ ಹಾಂಗಾತ್ ಹಾಂಗಾರೆ," ಅಂದರು ಅತ್ತೆ, ಬಾಗಿಲು ಕೆರೆಯುವುದನ್ನು ನಿಲ್ಲಿಸದೆ.

ಮಾವನಿಗೆ ನಗು ಬರಲಿಲ್ಲ. ಆದರೆ ಅಂಗಿಯ ತೋಳು ಮಡಚಿದರು. "ಇದ್ನ ಈಗ ಹೆಂಗೆ ಒಣಗ್ಸುದು?"

ಆ ಮಧ್ಯಾಹ್ನ ನಾವು ಮೂವರೂ ಊಟ ಮಾಡಿದ್ದು ಮೂರು ಗಂಟೆಗೆ. ಷೂಗಳನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಆರಲು ಬಿಟ್ಟೆವು. ಆಮೇಲೆ ಅತ್ತೆ ಅವನ್ನು ಬಚ್ಚಲ ಒಲೆಯ ಕೆಂಡದ ಮೇಲೆ, ಇಕ್ಕಳದಲ್ಲಿ ಹಿಡಿದು, ಒಣಮೀನು ಸುಡುವಷ್ಟೇ ಜತನದಿಂದ ಮಗುಚಿ ಮಗುಚಿ ಕಾಯಿಸಿದರು. ಒಳಗೆ ಇಂಗಿದ್ದ ಎಣ್ಣೆ ಬೆವರಿನ ಹಾಗೆ ಮೇಲೆ ಬಂದು ಹೊಗೆಯಾಯಿತು. ಬಚ್ಚಲುಮನೆಯೆಲ್ಲ ದೇವರ ಕೋಣೆಯ ಪರಿಮಳ. ಮಾವ ಉಪ್ಪುಕಾಗದ ಹಿಡಿದು ಅವುಗಳ ಮೈ ಉಜ್ಜಿದರು. ಕೋವಿಯ ನಳಿಗೆ ಉಜ್ಜುವ ಕೈ. ನಾನು ಸಾಕು ಅಂದರೂ ಬಿಡಲಿಲ್ಲ. ಎಲ್ಲ ಜೋಡಿಸಿದ ಮೇಲೆ ಅತ್ತೆ ಯಾರೂ ಕರೆಯದೆ ಹೋಗಿ ಸೀಟಿನಲ್ಲಿ ಕೂತರು. ನಾನು ಚಕ್ರ ಬೀಸಿದೆ.

"ಒತ್ತಿದೆ!" ಎಂದರು ನಾನು ಹೇಳುವ ಮೊದಲೇ.

ಚಕ್ರ ಟಕ್ಕೆಂದು ನಿಂತಿತು. ಮಾವ ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದರು. ಅಲ್ಲಾಡಲಿಲ್ಲ. ತಲೆಯಾಡಿಸಿ, ಕೈ ತೊಳೆಯಲು ಹೋದರು. ಕೀಯ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಆ ರಾತ್ರಿ ಕಾಗದ, ಪೆನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಬೆಳಿಗ್ಗೆ ನೋಡಿದರೆ ಆಯಿತು ಎಂದು ಹಾಗೆಯೇ ಮಲಗಿದೆ.

ಸೋಮವಾರ ಎದ್ದಾಗ ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ದಿನವೂ ಅತ್ತೆ ಹಚ್ಚುವ ಹೊತ್ತಿಗಿಂತ ಬೇಗ. ಮಾವ ಸ್ನಾನ ಮಾಡಿ, ಹಬ್ಬಕ್ಕೆ ಉಡುವ ಬಿಳಿಯ ಪಂಚೆ ಉಟ್ಟು ನಿಂತಿದ್ದರು. ಕೋವಿಯ ಬೀರು ತೆರೆದಿತ್ತು. ದೀಪದ ಮುಂದೆ ಬಾಳೆಲೆಯ ತುಂಡಿನ ಮೇಲೆ ಕಾರಿನ ಕೀ. ಅದಕ್ಕೆ ಒಂದು ಬೊಟ್ಟು ಗಂಧ.

"ಬಾ ಇಲ್ಲಿ," ಎಂದರು.

ಹೋಗಿ ನಿಂತೆ. ಅವರು ಬಗ್ಗಿ, ಆ ಸಣ್ಣ ಕೀಯನ್ನು ಎರಡು ಕೈಯಲ್ಲೂ ಎತ್ತಿದರು, ಮೂರು ದಿನದ ಹಿಂದೆ ಮಗನ ಮುಂದೆ ಕೋವಿ ಎತ್ತಿದ ಹಾಗೆಯೇ. ನಾನು ಎರಡು ಕೈ ಚಾಚಿದೆ.

"ಜಾಗ್ರತೆ," ಎಂದರು.

ಕಾಲಿಗೆ ನಮಸ್ಕಾರ ಮಾಡಿ ಎದ್ದಾಗ ಅತ್ತೆ ಬಾಗಿಲಿನಲ್ಲಿ ನನ್ನ ಊಟದ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿ ಬಿಸಿಯಾಗಿತ್ತು. ಅಂದರೆ ನಾನು ಹೊರಡುವುದು ಇಬ್ಬರಿಗೂ ರಾತ್ರಿಯೇ ಗೊತ್ತಿತ್ತು.

ಮಾವ ನನ್ನ ಜೊತೆ ಕಾರು ಹತ್ತಿದರು. "ಸುಂಟಿಕೊಪ್ಪಲಿ ಸ್ವಲ್ಪ ಕೆಲ್ಸ ಉಟ್ಟು," ಎಂದರು. ಏನು ಕೆಲಸ ಎಂದು ನಾನು ಕೇಳಲಿಲ್ಲ. ಹಲಸಿನ ಮರ ಕಾಣಿಸಿದಾಗ ಅವರ ಕೈ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡಿತು.

"ಇಲ್ಲಿ ಒತ್ತು. ಅವತ್ತು ಒತ್ತಿದ ಹಾಂಗೆಯೇ."

ಒತ್ತಿದೆ. ಕಾರು ನೆಟ್ಟಗೆ, ಮೂಗು ಕೂಡ ಅಲ್ಲಾಡಿಸದೆ ನಿಂತಿತು.

ಮಾವ ಇಳಿದು ಕಾರಿನ ಹಿಂದೆ ಹೋದರು. ಕನ್ನಡಿಯಲ್ಲಿ ನೋಡಿದೆ. ಹಬ್ಬದ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ನೋಡುತ್ತಿದ್ದರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಎರಡೂ ಗೀರುಗಳನ್ನು ಗೇಣಿನಿಂದ ಅಳೆದರು.

ನನ್ನ ಕಿಟಕಿಯ ಬಳಿ ಬಂದು ನಿಂತರು. "ಎರಡೂ ಉಟ್ಟು. ಒಂದೇ ಉದ್ದ."

"ಹತ್ತಿ ಮಾವ. ಗಂಟೆ ಆತ್."

"ನೀ ಹೋಗು."

"ಸುಂಟಿಕೊಪ್ಪಲಿ ಕೆಲ್ಸ ಉಟ್ಟು ಅಂತ ಹೇಳ್ದಿರಿ?"

"ಇಲ್ಲೇ ಮುಗ್ದ್ ಹೋತ್," ಎಂದು ಬಾಗಿಲನ್ನು ಎರಡು ಸಲ ತಟ್ಟಿದರು, ಎತ್ತಿನ ಬೆನ್ನು ತಟ್ಟುವ ಹಾಗೆ. ಆಮೇಲೆ ಬಿಳಿಯ ಪಂಚೆಯ ಅಂಚು ಹಿಡಿದುಕೊಂಡು, ಹಿಂದಿರುಗಿ ನೋಡದೆ, ಮನೆಯ ಕಡೆಗೆ ಆ ಒಂದು ಮೈಲಿ ನಡೆಯತೊಡಗಿದರು.

ನಾನು ಹ್ಯಾಂಡ್‌ಬ್ರೇಕ್ ಇಳಿಸಿದೆ. ಆ ದಿನ ಮೂರನೇ ತರಗತಿಯ ಕರಿಹಲಗೆಯ ಮೇಲೆ ಒತ್ತಕ್ಷರ ಬರೆಯುವಾಗ ನನ್ನ ಬೆರಳುಗಳಲ್ಲಿ ಇನ್ನೂ ಕರ್ಪೂರದ ವಾಸನೆಯಿತ್ತು.